ಪೆಟ್ರೋಲ್ ಮುಳ್ಳಿನ ಸುಳ್ಳು: ಫ್ಯೂಯಲ್ ಗೇಜ್ ತಪ್ಪು ತೋರಿಸಿದಾಗ ಪತ್ತೆ ಮತ್ತು ದುರಸ್ತಿ

ಫ್ಯೂಯಲ್ ಗೇಜ್ ತಪ್ಪು ತೋರಿಸಲು ಶುರುವಾದರೆ ಹೆಚ್ಚಿನವರಿಗೆ ಸಿಗುವ ಸಲಹೆ ಒಂದೇ: ಟ್ಯಾಂಕಿನೊಳಗಿನ ಪಂಪ್ ಜೋಡಣೆಯನ್ನು ಪೂರ್ತಿ ಬದಲಿಸಿ. ಬದಲಿಸಿದ ಮೇಲೂ ಮುಳ್ಳು ಹಳೇ ಚಾಳಿ ಬಿಡದಿದ್ದರೆ ಮೀಟರ್ ಬೋರ್ಡಿನ ಮೇಲೆ ಅನುಮಾನ. ಅದನ್ನೂ ಬದಲಿಸಿದ ಮೇಲೆ ಗೊತ್ತಾಗುತ್ತದೆ, ತೊಂದರೆ ಇದ್ದದ್ದು ತುಕ್ಕು ಹಿಡಿದ ಒಂದು ಅರ್ತ್ ವೈರಿನಲ್ಲಿ (ಕರೆಂಟ್ ಬ್ಯಾಟರಿಯ ಮೈನಸ್‌ಗೆ ಮರಳುವ ದಾರಿ) ಎಂದು. ಈ ಕ್ರಮವೇ ತಲೆಕೆಳಗು. ಟ್ಯಾಂಕ್ ತೆರೆಯುವ ಮುಂಚೆಯೇ ತಪ್ಪು ಎಲ್ಲಿದೆ ಎಂದು ಹೇಳಬಹುದು. ಒಂದು ಮಲ್ಟಿಮೀಟರ್ (ವೋಲ್ಟ್, ಓಮ್ ಅಳೆಯುವ ಸಾಧನ), ಮೂರು ರೆಸಿಸ್ಟರ್ (ಕರೆಂಟಿಗೆ ತಡೆ ಒಡ್ಡುವ ಪುಟ್ಟ ಬಿಡಿಭಾಗ), ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಬಿಡಿಭಾಗ ಕೊಳ್ಳುವುದು ಆಮೇಲಿನ ಮಾತು.

ಇಲ್ಲಿ ಹೇಳುವುದು ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳಿಗೆ ಅನ್ವಯಿಸುತ್ತದೆ. ಸಿಎನ್‌ಜಿ ಗೇಜ್ ಅಳೆಯುವುದು ಅನಿಲದ ಒತ್ತಡವನ್ನು. ಅದರ ಲೆಕ್ಕವೇ ಬೇರೆ.

ಮೊದಲು: ಅದು ನಿಜವಾಗಿಯೂ ಕೆಟ್ಟಿದೆಯಾ?

ಗೇಜ್ ಒಂದಿಷ್ಟು ಸುಳ್ಳು ಹೇಳುವಂತೆಯೇ ಮಾಡಿರುತ್ತಾರೆ. ಟ್ಯಾಂಕ್ ತುಂಬಿಸಿದ ಮೇಲೆ ಬಹಳ ದೂರ ಹೋದರೂ ಮುಳ್ಳು ‘ಎಫ್’ ಬಿಟ್ಟು ಕದಲುವುದಿಲ್ಲ. ಕಾರಣ ಸರಳ. ಟ್ಯಾಂಕ್ ಪೂರ್ತಿ ತುಂಬುವ ಮೊದಲೇ ಫ್ಲೋಟ್ (ಇಂಧನದ ಮೇಲೆ ತೇಲಿ ಮಟ್ಟ ಹೇಳುವ ತುಂಡು) ತನ್ನ ಮೇಲಿನ ತುದಿ ಮುಟ್ಟಿರುತ್ತದೆ. ಅದಕ್ಕಿಂತ ಮೇಲಿರುವ ಇಂಧನ ಅದರ ಕಣ್ಣಿಗೆ ಬೀಳುವುದಿಲ್ಲ. ಕೆಳಗಿನ ತುದಿಯಲ್ಲೂ ಹಾಗೆಯೇ. ಮುಳ್ಳು ‘ಇ’ ಮುಟ್ಟಿದರೂ ಒಂದಿಷ್ಟು ಲೀಟರ್ ಉಳಿದಿರುತ್ತದೆ. ರಿಸರ್ವ್ ದೀಪ ಸಾಮಾನ್ಯವಾಗಿ ಟ್ಯಾಂಕಿನ ಶೇ. 10ರಿಂದ 15ರಷ್ಟು ಇರುವಾಗ ಹತ್ತಿಕೊಳ್ಳುತ್ತದೆ.

ಮೊದಲರ್ಧ ನಿಧಾನ, ಉಳಿದರ್ಧ ಸರಸರನೆ ಖಾಲಿ ಎಂಬುದೂ ಸಾಮಾನ್ಯ ದೂರು. ಟ್ಯಾಂಕ್ ಚೌಕದ ಡಬ್ಬಿಯಲ್ಲ. ಸೀಟಿನ ಕೆಳಗೆ, ಸೈಲೆನ್ಸರ್ ಪಕ್ಕ, ಸಿಕ್ಕ ಜಾಗಕ್ಕೆ ತಕ್ಕ ಹಾಗೆ ಅಂಕುಡೊಂಕಾಗಿರುತ್ತದೆ. ಹಾಗಾಗಿ ಎತ್ತರದ ಅರ್ಧ ಎಂದರೆ ಲೀಟರಿನ ಅರ್ಧ ಅಲ್ಲ. ಕೆಲವು ಕಾರುಗಳ ಮೀಟರ್ ಇದನ್ನು ಲೆಕ್ಕ ಹಾಕಿ ಸರಿಪಡಿಸುತ್ತದೆ, ಕೆಲವು ಸುಮ್ನೆ ಎತ್ತರವನ್ನೇ ತೋರಿಸುತ್ತವೆ.

ಈಚಿನ ಕಾರುಗಳಲ್ಲಿ ಇನ್ನೊಂದು ವಿಷಯವಿದೆ. ತಿರುವಿನಲ್ಲಿ, ಬ್ರೇಕ್ ಒತ್ತಿದಾಗ ಪೆಟ್ರೋಲ್ ಟ್ಯಾಂಕಿನೊಳಗೆ ಅತ್ತಿತ್ತ ತುಳುಕುತ್ತದೆ. ಅದಕ್ಕೆಲ್ಲ ಮುಳ್ಳು ಕುಣಿಯಬಾರದು ಎಂದು ಕಂಪ್ಯೂಟರ್ ಸಾಕಷ್ಟು ಹೊತ್ತಿನ ಸರಾಸರಿ ತೆಗೆದು ತೋರಿಸುತ್ತದೆ. ಕೀ ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಮಾತ್ರ ಹಲವು ಕಾರುಗಳು ‘ಇಂಧನ ತುಂಬಿಸಿದ್ದಾರೆ’ ಎಂದು ಗುರುತಿಸಿ ಮುಳ್ಳನ್ನು ಬೇಗ ಮೇಲೇರಿಸುತ್ತವೆ. ಕೀ ಆನ್ ಇಟ್ಟೇ ಪೆಟ್ರೋಲ್ ಹಾಕಿಸಿದರೆ ಮುಳ್ಳು ಆಮೆ ವೇಗದಲ್ಲಿ ಏರುವುದಕ್ಕೆ ಇದೇ ಕಾರಣ. ಇಳಿಜಾರಿನಲ್ಲಿ ನಿಲ್ಲಿಸಿ ಬೆಳಿಗ್ಗೆ ಕೀ ತಿರುಗಿಸಿದಾಗ ಬೇರೆಯೇ ಅಳತೆ ಕಂಡರೆ ಅದೂ ದೋಷವಲ್ಲ.

‘ಇನ್ನು ಇಷ್ಟು ಕಿಲೋಮೀಟರ್ ಓಡುತ್ತದೆ’ ಎಂಬ ಅಂಕಿಯನ್ನು ಗೇಜಿಗೆ ಸಾಕ್ಷಿಯಾಗಿ ಹಿಡಿಯಬೇಡಿ. ಅದು ಅದೇ ಫ್ಲೋಟ್ ಹೇಳಿದ ಮಟ್ಟವನ್ನೂ ಈಚಿನ ಮೈಲೇಜನ್ನೂ ಸೇರಿಸಿ ಮಾಡಿದ ಲೆಕ್ಕ. ಫ್ಲೋಟ್ ತಪ್ಪಿದರೆ ಅದೂ ತಪ್ಪುತ್ತದೆ.

ಒಳಗೆ ಏನಿದೆ

ಮನೆ ಮೇಲಿನ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ನೋಡಿದ್ದೀರಲ್ಲ, ಹೆಚ್ಚು ಕಡಿಮೆ ಅದೇ ಥರ ಒಂದು ತೇಲುವ ಫ್ಲೋಟ್, ಒಂದು ಕಂಬಿ. ಕಂಬಿಯ ಬುಡದಲ್ಲಿ ಸಣ್ಣ ಲೋಹದ ಬೆರಳುಗಳಿರುತ್ತವೆ. ಅವು ಸೆರಾಮಿಕ್ ಪಟ್ಟಿಯ ಮೇಲೆ ಬಳಿದ ರೆಸಿಸ್ಟರ್ ಪದರದ ಮೇಲೆ ಜಾರುತ್ತವೆ. ಇಂಧನದ ಮಟ್ಟ ಬದಲಾದಂತೆ ಓಮ್, ಅಂದರೆ ಕರೆಂಟಿಗೆ ಒಡ್ಡುವ ತಡೆಯ ಅಳತೆ, ಬದಲಾಗುತ್ತದೆ. ಇದಕ್ಕೆ ಸೆಂಡರ್ ಎನ್ನುತ್ತಾರೆ, ಗ್ಯಾರೇಜಿನಲ್ಲಿ ‘ಫ್ಲೋಟ್ ಯೂನಿಟ್’ ಎಂದರೂ ಅರ್ಥವಾಗುತ್ತದೆ. ಫ್ಯೂಯಲ್ ಇಂಜೆಕ್ಷನ್ ಕಾರುಗಳಲ್ಲಿ ಇದು ಸಾಮಾನ್ಯವಾಗಿ ಪಂಪಿನ ಮೈಗೇ ಅಂಟಿಕೊಂಡಿರುತ್ತದೆ.

ಯಾವ ಕಡೆ ಓಮ್ ಜಾಸ್ತಿ ಎಂಬುದು ಕಾರಿಂದ ಕಾರಿಗೆ ಬೇರೆ. ಹಳೆಯ ಜಪಾನಿ ಕಾರುಗಳಲ್ಲಿ ಖಾಲಿಗೆ ಸುಮಾರು 110 ಓಮ್, ತುಂಬಿದಾಗ 3ರ ಆಸುಪಾಸು. ಹಳೆಯ ಜನರಲ್ ಮೋಟಾರ್ಸ್ ಕಾರುಗಳಲ್ಲಿ ತದ್ವಿರುದ್ಧ: ಖಾಲಿಗೆ 0, ತುಂಬಿದಾಗ 90. ಆಮೇಲಿನವುಗಳಲ್ಲಿ 40ರಿಂದ 250. ಹಳೆಯ ಫೋರ್ಡ್‌ಗಳಲ್ಲಿ ಖಾಲಿಗೆ 73, ತುಂಬಿದಾಗ 10. ವಿಡಿಒ ಕಂಪನಿಯ ಗೇಜುಗಳಿಗೆ 10ರಿಂದ 180. ನಿಮ್ಮ ಕಾರಿನ ಅಂಕಿಯನ್ನು ವರ್ಕ್‌ಶಾಪ್ ಮ್ಯಾನುಯಲ್‌ನಲ್ಲೇ ನೋಡಿ. ಮುಂದಿನ ಎಲ್ಲ ಪರೀಕ್ಷೆಗೂ ಈ ಎರಡು ಅಂಕಿಗಳೇ ಆಧಾರ.

ಓಮ್ ಸಂಕೇತ ಹಳೆಯ ಕಾರಿನಲ್ಲಿ ನೇರವಾಗಿ ಮುಳ್ಳಿಗೆ ಹೋಗುತ್ತದೆ. ಹೊಸ ಕಾರಿನಲ್ಲಿ ಮೀಟರ್ ಬೋರ್ಡಿಗೋ ಇನ್ನೊಂದು ಕಂಪ್ಯೂಟರಿಗೋ ಹೋಗಿ, ಅಲ್ಲಿಂದ ಪುಟ್ಟ ಸ್ಟೆಪ್ಪರ್ ಮೋಟಾರ್ (ಹೆಜ್ಜೆ ಹೆಜ್ಜೆಯಾಗಿ ತಿರುಗುವ ಮೋಟಾರ್) ಮುಳ್ಳನ್ನು ತಿರುಗಿಸುತ್ತದೆ.

ಲಕ್ಷಣವೇ ಅರ್ಧ ಉತ್ತರ

ಮುಳ್ಳು ಹೇಗೆ ತಪ್ಪುತ್ತಿದೆ ಎಂದು ಒಂದೆರಡು ಟ್ಯಾಂಕ್ ಗಮನಿಸಿ. ನನ್ನ ಪ್ರಕಾರ ಇಡೀ ಕೆಲಸದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ, ಅತಿ ಹೆಚ್ಚು ಜನ ಬಿಟ್ಟುಬಿಡುವುದೂ ಇದನ್ನೇ.

ಒಂದೇ ಜಾಗದಲ್ಲಿ ಮಾತ್ರ ಮುಳ್ಳು ಬಿದ್ದು ಎದ್ದು ಮಾಡುತ್ತಿದ್ದರೆ (ಉದಾಹರಣೆಗೆ ಮುಕ್ಕಾಲಿನಿಂದ ಅರ್ಧದ ನಡುವೆ) ರೆಸಿಸ್ಟರ್ ಪಟ್ಟಿ ಆ ಭಾಗದಲ್ಲಿ ಸವೆದಿದೆ. ಯಾವಾಗಲೂ ಅರ್ಧ ಟ್ಯಾಂಕ್ ತುಂಬಿಸುವವರ ಕಾರಿನಲ್ಲಿ ಫ್ಲೋಟ್ ಓಡಾಡುವುದು ಕೆಳಗಿನ ಅರ್ಧದಲ್ಲೇ, ಹಾಗಾಗಿ ಸವೆಯುವುದೂ ಅಲ್ಲೇ.

ಎಲ್ಲ ಮಟ್ಟದಲ್ಲೂ ಒಂದೇ ಅಳತೆಯಷ್ಟು ತಪ್ಪು ಇದ್ದರೆ ಕಂಬಿ ಬಾಗಿರಬಹುದು, ಇಲ್ಲವೇ ಅರ್ತ್ ಸರಿಯಿಲ್ಲ. ಈಚೆಗೆ ಪಂಪ್ ಬದಲಿಸಿದ್ದೀರಾ? ಅಂದಿನಿಂದಲೇ ತೊಂದರೆಯಾ? ಹಾಗಾದರೆ ಎರಡೇ ಸಾಧ್ಯತೆ: ತೂತಿನೊಳಗೆ ತುರುಕುವಾಗ ಕಂಬಿ ಬಾಗಿದೆ, ಇಲ್ಲವೇ ಬೇರೆ ಓಮ್ ಅಳತೆಯ ಯೂನಿಟ್ ಬಂದು ಕೂತಿದೆ.

ಹೆಡ್‌ಲೈಟ್ ಹಾಕಿದಾಗ, ಇಂಡಿಕೇಟರ್ ಮಿನುಗಿದಾಗ ಮುಳ್ಳು ಅಲುಗಿದರೆ ನೇರವಾಗಿ ಅರ್ತ್ ವೈರಿನ ಕಡೆ ಹೋಗಿ.

ಟ್ಯಾಂಕ್ ತುಂಬಿದ್ದರೂ ಮುಳ್ಳು ಕೆಳಗೇ ಬಿದ್ದಿದ್ದರೆ ಫ್ಲೋಟ್ ತೂತಾಗಿ ಮುಳುಗಿರಬಹುದು ಅಥವಾ ವೈರ್ ತುಂಡಾಗಿರಬಹುದು. ಹಿತ್ತಾಳೆ ಫ್ಲೋಟ್‌ಗಳ ಬೆಸುಗೆಯಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೂ ಒಳಗೆ ಪೆಟ್ರೋಲ್ ಸೇರುತ್ತದೆ. ಇನ್ನು ಕಾರಿನ ತಳ ಕಲ್ಲಿಗೋ ರಸ್ತೆಯ ಹಂಪ್‌ಗೋ ಬಡಿದ ಮೇಲೆ ಶುರುವಾದ ತೊಂದರೆಯಾದರೆ ಟ್ಯಾಂಕ್ ತಗ್ಗಾಗಿ ಕಂಬಿಗೆ ತಾಗುತ್ತಿದೆಯಾ ನೋಡಿ.

ಹಳೆಯ ಕಾರಿನಲ್ಲಿ ಪೆಟ್ರೋಲ್ ಮುಳ್ಳು, ಟೆಂಪರೇಚರ್ ಮುಳ್ಳು ಎರಡೂ ಒಟ್ಟಿಗೇ ಹೆಚ್ಚು ಅಥವಾ ಕಡಿಮೆ ತೋರಿಸಿದರೆ ಟ್ಯಾಂಕ್ ಮುಟ್ಟಲೇಬೇಡಿ. ಮೀಟರಿನ ಹಿಂದಿರುವ ವೋಲ್ಟೇಜ್ ಸ್ಟೆಬಿಲೈಸರ್ ಕೆಟ್ಟಿದೆ. ಎರಡಕ್ಕೂ ಕರೆಂಟ್ ಕೊಡುವುದು ಅದೇ. ಸ್ಮಿತ್ಸ್ ಕಂಪನಿಯ ಮೀಟರುಗಳಲ್ಲಿ ಅದು ಸರಾಸರಿ 10 ವೋಲ್ಟ್ ಕೊಡಬೇಕು.

ಇನ್ನೊಂದು ಕಾರಣ ಇಂಧನದಲ್ಲೇ ಇರುತ್ತದೆ. ಸೆಂಡರಿನ ಬೆರಳುಗಳಲ್ಲಿ, ಪಟ್ಟಿಯಲ್ಲಿ ಬೆಳ್ಳಿ ಇರುವುದು ಸಾಮಾನ್ಯ. ಪೆಟ್ರೋಲಿನಲ್ಲಿರುವ ಕೆಲವು ಬಗೆಯ ಗಂಧಕ ಬೆಳ್ಳಿಯೊಂದಿಗೆ ಸೇರಿ ಕಪ್ಪು ಪದರವಾಗುತ್ತದೆ, ಕರೆಂಟ್ ಸರಿಯಾಗಿ ಹರಿಯುವುದಿಲ್ಲ. 2004ರಲ್ಲಿ ಅಮೆರಿಕದ ಫ್ಲೋರಿಡಾ, ಲೂಯಿಸಿಯಾನಾ ಕಡೆ ಗಂಧಕ ಹೆಚ್ಚಿದ್ದ ಪೆಟ್ರೋಲ್ ಮಾರುಕಟ್ಟೆಗೆ ಬಂದು ಬಹಳಷ್ಟು ಕಾರುಗಳ ಗೇಜ್ ಹೀಗೇ ಹಾಳಾಗಿತ್ತು. ಟ್ಯಾಂಕ್ ಖಾಲಿಯಾಗುತ್ತಿದ್ದರೂ ಮುಳ್ಳು ತುಂಬಿದೆ ಎನ್ನುತ್ತಿತ್ತು. ಈ ಕಪ್ಪು ಪದರಕ್ಕೆ ಪಾಲಿಈಥರ್ ಅಮೀನ್ ಇರುವ ಫ್ಯೂಯಲ್ ಸಿಸ್ಟಮ್ ಕ್ಲೀನರ್ ಕೆಲವೊಮ್ಮೆ ಕೆಲಸ ಮಾಡುತ್ತದೆ. ಬಾಟಲಿಯ ಮೇಲೆ ಹೇಳಿದಷ್ಟೇ ಹಾಕಿ ಒಂದು ಟ್ಯಾಂಕ್ ಓಡಿಸಿ ನೋಡಬಹುದು. ಆದರೆ ಸವೆದ ಪಟ್ಟಿಯನ್ನು ಯಾವ ಬಾಟಲಿಯೂ ಮತ್ತೆ ಬೆಳೆಸುವುದಿಲ್ಲ.

ತುಂಬಿಸಿ ಅಳೆಯುವುದು

ಅಂದಾಜು ಬೇಡ, ಲೀಟರ್ ಲೆಕ್ಕ ಬೇಕು. ಟ್ಯಾಂಕಿನ ಅಳತೆ ಮ್ಯಾನುಯಲ್‌ನಲ್ಲಿದೆ. ಮುಳ್ಳು ಸರಿಯಾಗಿ ಅರ್ಧದಲ್ಲಿದ್ದಾಗ ಸಮತಟ್ಟು ಜಾಗದಲ್ಲಿ, ಎಂಜಿನ್ ಆಫ್ ಮಾಡಿ, ನಳಿಕೆ ತಾನಾಗೇ ನಿಲ್ಲುವವರೆಗೆ ತುಂಬಿಸಿ. 45 ಲೀಟರಿನ ಟ್ಯಾಂಕಿಗೆ 31 ಲೀಟರ್ ಹಿಡಿಸಿದರೆ ಉಳಿದಿದ್ದದ್ದು ಬರೀ 14. ಅಂದರೆ ಮುಳ್ಳು ಅರ್ಧ ಅಂದಾಗ ನಿಜಕ್ಕೂ ಮೂರನೇ ಒಂದು ಭಾಗಕ್ಕಿಂತ ಕಡಿಮೆ ಇತ್ತು. ಮುಂದಿನ ಸಲ ಮುಕ್ಕಾಲಿನಲ್ಲಿ, ಅದರ ಮುಂದಿನ ಸಲ ಕಾಲಿನಲ್ಲಿ ಇದನ್ನೇ ಮಾಡಿ ಬರೆದಿಡಿ. ತಪ್ಪು ಎಲ್ಲ ಕಡೆ ಒಂದೇ ಥರವೋ, ಒಂದು ಕಡೆ ಮಾತ್ರವೋ ಎಂದು ತಿಳಿಯುತ್ತದೆ.

ಪ್ರತಿ ಸಲವೂ ಬಂಕಿನ ಒಂದೇ ಪಂಪಿನಲ್ಲಿ ತುಂಬಿಸಿದರೆ ಒಳ್ಳೆಯದು, ಏಕೆಂದರೆ ನಳಿಕೆ ನಿಲ್ಲುವ ಮಟ್ಟ ಪಂಪಿಂದ ಪಂಪಿಗೆ ಸ್ವಲ್ಪ ಬೇರೆ. ಮೊದಲ ಸಲ ನಿಂತ ಮೇಲೆ ಒತ್ತಿ ಒತ್ತಿ ತುಂಬಿಸಬೇಡಿ. ಬಿಸಿಗೆ ಪೆಟ್ರೋಲ್ ಹಿಗ್ಗುತ್ತದೆ: 40 ಲೀಟರ್ ಪೆಟ್ರೋಲ್ 20 ಡಿಗ್ರಿ ಬಿಸಿಯಾದರೆ ಸುಮಾರು ಮುಕ್ಕಾಲು ಲೀಟರ್ ಹೆಚ್ಚುತ್ತದೆ. ಅದಕ್ಕೂ ಜಾಗ ಬೇಕಲ್ವಾ?

ಈ ಪರೀಕ್ಷೆ ನಡೆಯುವಷ್ಟು ದಿನ ಟ್ರಿಪ್ ಮೀಟರ್ ನಂಬಿ ಓಡಿಸಿ. ಟ್ಯಾಂಕ್ ಪೂರ್ತಿ ಬತ್ತಿಸಬೇಡಿ. ಟ್ಯಾಂಕಿನೊಳಗಿನ ಪಂಪ್ ತಣ್ಣಗಿರುವುದೇ ಸುತ್ತಲಿನ ಇಂಧನದಿಂದ.

ವೈರಿನ ಪರೀಕ್ಷೆ: ಟ್ಯಾಂಕ್ ತೆರೆಯದೆ

ಫ್ಯೂಸ್ ನೋಡುವುದು ಎರಡು ನಿಮಿಷದ ಕೆಲಸ, ಮುಗಿಸಿಬಿಡಿ. ಆಮೇಲೆ ಮೀಟರಿನ ಸ್ವಂತ ಪರೀಕ್ಷೆ. ಹಲವು ಕಾರುಗಳಲ್ಲಿ ಟ್ರಿಪ್ ಬಟನ್ ಒತ್ತಿ ಹಿಡಿದು ಕೀ ಆನ್ ಮಾಡಿದರೆ ಎಲ್ಲ ಮುಳ್ಳುಗಳೂ ಕೆಳಗಿಂದ ಮೇಲಕ್ಕೆ ಹೋಗಿ ಬರುತ್ತವೆ. ಪೆಟ್ರೋಲ್ ಮುಳ್ಳು ನಡುವೆ ತಡವರಿಸದೆ ತುದಿ ಮುಟ್ಟಿದರೆ ಸ್ಟೆಪ್ಪರ್ ಮೋಟಾರ್ ಸರಿ ಇದೆ.

ಒಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರಿನ ಅಳತೆ ಮತ್ತು ದೋಷದ ಕೋಡ್ ಓದುವ ಸಾಧನ) ಸಿಕ್ಕರೆ ಕೆಲಸ ಬಹಳ ಹಗುರ. ಲೈವ್ ಡೇಟಾದಲ್ಲಿ ಇಂಧನ ಮಟ್ಟ ಶೇಕಡಾವಾರು ಕಾಣುತ್ತದೆ. ಕೆಲವು ಕಾರುಗಳಲ್ಲಿ ಅದು ಮೀಟರ್ ಬೋರ್ಡಿನ ವಿಭಾಗದಲ್ಲಿ ಲೀಟರ್, ವೋಲ್ಟ್ ಅಥವಾ ಓಮ್ ರೂಪದಲ್ಲಿರುತ್ತದೆ. ಸ್ಕ್ಯಾನರ್ ಶೇ. 50 ಅನ್ನುತ್ತಿದೆ, ಮುಳ್ಳು ಕೆಳಗಿದೆ ಎಂದರೆ ತಪ್ಪು ಮೀಟರ್ ಕಡೆ. ಎರಡೂ ಸೇರಿಯೇ ತಪ್ಪು ಹೇಳುತ್ತಿದ್ದರೆ ಟ್ಯಾಂಕ್ ಅಥವಾ ವೈರ್. ಕೋಡ್‌ಗಳನ್ನೂ ಓದಿ. ಪಿ0460 ಎಂದರೆ ಸೆಂಡರ್ ಸರ್ಕ್ಯೂಟ್‌ನಲ್ಲಿ ದೋಷ. ಪಿ0461 ಎಂದರೆ ಗಾಡಿ ಓಡಿದರೂ ಅಳತೆ ನಂಬುವಂತೆ ಬದಲಾಗುತ್ತಿಲ್ಲ. ಪಿ0462 ಸಂಕೇತ ತೀರಾ ಕಡಿಮೆ, ಪಿ0463 ತೀರಾ ಹೆಚ್ಚು, ಪಿ0464 ಬಿಟ್ಟು ಬಿಟ್ಟು ಬರುತ್ತಿದೆ.

ಈಗ ಮುಖ್ಯ ಪರೀಕ್ಷೆ. ಸೆಂಡರಿನ ಕಪ್ಲರ್ (ವೈರುಗಳು ಸೇರುವ ಪ್ಲಗ್) ಹೆಚ್ಚಾಗಿ ಹಿಂದಿನ ಸೀಟಿನ ಕುಶನ್ ಕೆಳಗೆ, ಮುಚ್ಚಳದ ಅಡಿಯಲ್ಲಿ ಸಿಗುತ್ತದೆ. ಕೀ ಆಫ್ ಮಾಡಿ ಅದನ್ನು ಬಿಚ್ಚಿ. ವೈರಿಂಗ್ ನಕ್ಷೆ ನೋಡಿ ಸಂಕೇತದ ವೈರ್ ಯಾವುದು, ಅರ್ತ್ ಯಾವುದು ಎಂದು ಖಚಿತ ಮಾಡಿಕೊಳ್ಳಿ. ಪಂಪಿಗೆ ಹೋಗುವ 12 ವೋಲ್ಟ್ ವೈರ್ ಅದೇ ಕಪ್ಲರಿನಲ್ಲಿರುತ್ತದೆ. ಅದನ್ನು ಸಂಕೇತದ ವೈರಿಗೆ ತಾಗಿಸಿದರೆ ಮೀಟರ್ ಸುಡಬಹುದು. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಈ ಪರೀಕ್ಷೆಯನ್ನು ಮಾಡಲೇಬೇಡಿ, ಮೊದಲು ಸೋರಿಕೆ ನೋಡಿ.

ಹಳೆಯ ಕಾರಾದರೆ: ಕಪ್ಲರ್ ಬಿಚ್ಚಿದ ಸ್ಥಿತಿಯಲ್ಲಿ ಕೀ ಆನ್ ಮಾಡಿ, ಮುಳ್ಳು ಒಂದು ತುದಿಗೆ ಹೋಗಬೇಕು. ಆಮೇಲೆ ಸಂಕೇತದ ವೈರನ್ನು ಕ್ಷಣಕಾಲ ಅರ್ತ್‌ಗೆ ಮುಟ್ಟಿಸಿದರೆ ಇನ್ನೊಂದು ತುದಿಗೆ ಹೊರಡಬೇಕು. ಎರಡೂ ಆದರೆ ಮೀಟರ್ ಮತ್ತು ವೈರ್ ಬದುಕಿವೆ.

ಹೊಸ ಕಾರಿನಲ್ಲಿ ಈ ಉಪಾಯ ದಾರಿ ತಪ್ಪಿಸಬಹುದು. ಬಿಚ್ಚಿದರೂ ಅರ್ತ್ ಮಾಡಿದರೂ ಕಂಪ್ಯೂಟರ್ ‘ದೋಷ’ ಎಂದು ತಿಳಿದು ಮುಳ್ಳನ್ನು ಖಾಲಿಗೇ ಇಳಿಸುವುದುಂಟು. ಅಲ್ಲಿ ರೆಸಿಸ್ಟರ್ ಬಳಸಿ. ಮ್ಯಾನುಯಲ್ ಹೇಳುವ ಖಾಲಿ, ಅರ್ಧ, ತುಂಬಿದ ಮಟ್ಟದ ಓಮ್‌ಗೆ ಹತ್ತಿರದ ಮೂರು ರೆಸಿಸ್ಟರ್ ತೆಗೆದುಕೊಂಡು, ವೈರಿಂಗ್ ಕಡೆಯ ಕಪ್ಲರಿನಲ್ಲಿ ಸಂಕೇತ ಮತ್ತು ಅರ್ತ್ ನಡುವೆ ಒಂದೊಂದಾಗಿ ಸೇರಿಸಿ. ಪ್ರತಿ ಸಲ ಕೀ ಆಫ್ ಮಾಡಿ ಆನ್ ಮಾಡಿ, ಮುಳ್ಳಿಗೆ ಸಮಯ ಕೊಡಿ. ಮೂರಕ್ಕೂ ಮುಳ್ಳು ಸರಿಯಾಗಿ ನಿಂತರೆ ತಪ್ಪು ಟ್ಯಾಂಕಿನೊಳಗೇ. ಹಳೆಯ ಕಾರಿನಲ್ಲೂ ಇದನ್ನು ಮಾಡಬಹುದು. ಆದರೆ ಅಲ್ಲಿ ಕಾಲು ವ್ಯಾಟಿನ ಪುಟ್ಟ ರೆಸಿಸ್ಟರ್ ಸುಟ್ಟುಹೋದೀತು, 5 ವ್ಯಾಟಿನದು ಇರಲಿ.

ಅರ್ತ್ ಪರೀಕ್ಷೆ ಹೀಗೆ. ಕಪ್ಲರ್ ಮತ್ತೆ ಸೇರಿಸಿ ಕೀ ಆನ್ ಮಾಡಿ. ಮಲ್ಟಿಮೀಟರನ್ನು ಡಿಸಿ ವೋಲ್ಟ್‌ನಲ್ಲಿಟ್ಟು ಒಂದು ಕಡ್ಡಿಯನ್ನು ಸೆಂಡರಿನ ಅರ್ತ್ ಪಿನ್ನಿನ ಹಿಂಬದಿಯಿಂದ ತಾಗಿಸಿ, ಇನ್ನೊಂದನ್ನು ಬ್ಯಾಟರಿಯ ಮೈನಸ್‌ಗೆ. ಸೊನ್ನೆಗೆ ಹತ್ತಿರ ಬರಬೇಕು. 0.1 ವೋಲ್ಟಿಗಿಂತ ಹೆಚ್ಚಿದ್ದರೆ ಅರ್ತ್ ದಾರಿಯಲ್ಲಿ ತುಕ್ಕೋ ಸಡಿಲ ಬೋಲ್ಟೋ ಇದೆ. ಅರ್ತ್ ಕೊಂಡಿ ಬಿಚ್ಚಿ, ಕೆಳಗಿನ ತಗಡನ್ನು ಹೊಳೆಯುವಂತೆ ಉಜ್ಜಿ, ಗಟ್ಟಿಯಾಗಿ ಬಿಗಿಯಿರಿ. ಬರೀ 10 ಓಮ್ ತುಕ್ಕು ಎಷ್ಟು ಹಾಳು ಮಾಡುತ್ತದೆ ನೋಡಿ: 110ರಿಂದ 3ರ ಕಾರಿನಲ್ಲಿ ತುಂಬಿದ ಟ್ಯಾಂಕ್ 13 ಓಮ್ ಆಗಿ ಕಾಣುತ್ತದೆ, ಮುಳ್ಳು ಎಂದೂ ‘ಎಫ್’ ಮುಟ್ಟುವುದಿಲ್ಲ. 0ರಿಂದ 90ರ ಕಾರಿನಲ್ಲಿ ಅದೇ ತುಕ್ಕಿನಿಂದಾಗಿ ಮುಳ್ಳು ಇಲ್ಲದಿರುವ ಪೆಟ್ರೋಲನ್ನು ಇದೆ ಎಂದು ತೋರಿಸುತ್ತದೆ. ಎರಡನೆಯದೇ ಅಪಾಯ. ದಾರಿ ಮಧ್ಯೆ ನಿಲ್ಲಿಸುವುದು ಅದು.

ಟ್ಯಾಂಕ್ ತೆರೆಯುವುದು

ಇಲ್ಲಿವರೆಗಿನದು ಯಾರು ಬೇಕಾದರೂ ಮಾಡಬಹುದಾದ ಕೆಲಸ. ಇದು ಹಾಗಲ್ಲ. ಪೆಟ್ರೋಲ್ ಆವಿ −40 ಡಿಗ್ರಿ ಆಸುಪಾಸಿನಲ್ಲೂ ಬೆಂಕಿ ಹಿಡಿಯಬಲ್ಲದು. ಗಾಳಿಗಿಂತ ಭಾರ, ಹಾಗಾಗಿ ನೆಲದ ಮೇಲೆ ಹರಿದು ಗುಂಡಿಗಳಲ್ಲಿ ನಿಲ್ಲುತ್ತದೆ. ಬಯಲಿನಲ್ಲೇ ಮಾಡಿ. ನೆಲಮಾಳಿಗೆ, ಮುಚ್ಚಿದ ಶೆಡ್ಡು ಬೇಡ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತಿರಲಿ. ಗಾಜಿನ ಬಲ್ಬಿನ ದೀಪ, ಸಿಗರೇಟು, ಡ್ರಿಲ್ ಯಾವುದೂ ಹತ್ತಿರ ಬೇಡ. ಕೈಗವಸು, ಕನ್ನಡಕ ಹಾಕಿ. ಸೀಟಿನ ಕೆಳಗೆ ದಾರಿಯಿಲ್ಲದೆ ಟ್ಯಾಂಕನ್ನೇ ಇಳಿಸಬೇಕಾದ ಕಾರಾದರೆ ಗ್ಯಾರೇಜಿಗೆ ಬಿಡುವುದೇ ಸರಿ. 40 ಲೀಟರ್ ಪೆಟ್ರೋಲೇ ಸುಮಾರು 30 ಕೆಜಿ ತೂಗುತ್ತದೆ.

1. ಟ್ಯಾಂಕ್ ಕಾಲು ಭಾಗಕ್ಕಿಂತ ಕಡಿಮೆಯಿರಲಿ, ಎಂಜಿನ್ ತಣ್ಣಗಿರಲಿ.

2. ಇಂಧನ ತುಂಬಿಸುವ ಬಾಯಿಯ ಮುಚ್ಚಳ ಒಮ್ಮೆ ತೆರೆದು ಒಳಗಿನ ಒತ್ತಡ ಬಿಡಿ. ಪಂಪಿನ ಫ್ಯೂಸ್ ಅಥವಾ ರಿಲೇ ಕಿತ್ತು ಎಂಜಿನ್ ಚಾಲೂ ಮಾಡಿ, ಅದು ತಾನಾಗೇ ನಿಲ್ಲುತ್ತದೆ. ಇನ್ನೊಮ್ಮೆ ಕೆಲವು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಪೆಟ್ರೋಲ್ ಇಂಜೆಕ್ಷನ್ ಪೈಪಿನಲ್ಲಿ ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡ ಇರುತ್ತದೆ. ಇಳಿಸದೆ ಬಿಚ್ಚಿದರೆ ಮುಖಕ್ಕೇ ಚಿಮ್ಮುತ್ತದೆ. ಕೊನೆಗೆ ಬ್ಯಾಟರಿಯ ಮೈನಸ್ ತೆಗೆಯಿರಿ.

3. ಸೀಟಿನ ಕೆಳಗಿನ ಮುಚ್ಚಳದ ಸುತ್ತಲಿನ ಧೂಳು, ಮರಳನ್ನು ಒದ್ದೆ ಬಟ್ಟೆಯಿಂದ ಪೂರ್ತಿ ಒರೆಸಿ. ಟ್ಯಾಂಕಿಗೆ ಬಿದ್ದ ಮರಳು ಮುಂದೆ ಪಂಪನ್ನು ತಿನ್ನುತ್ತದೆ. ತೆರೆದ ಮೇಲೆ ವ್ಯಾಕ್ಯೂಮ್ ಕ್ಲೀನರ್ ಹತ್ತಿರ ತರಬೇಡಿ, ಅದರ ಮೋಟಾರ್ ಕಿಡಿ ಹಾರಿಸುತ್ತದೆ.

4. ಪೈಪುಗಳಿಗೆ ಟೇಪ್ ಅಂಟಿಸಿ ಗುರುತು ಹಾಕಿ ಬಿಚ್ಚಿ. ಕೆಳಗೆ ಬಟ್ಟೆ ಇರಲಿ. ಜೋಡಣೆ ಯಾವ ದಿಕ್ಕಿಗಿತ್ತು ಎಂದು ಮಾರ್ಕರ್‌ನಿಂದ ಗೆರೆ ಎಳೆಯಿರಿ, ಫೋಟೋವನ್ನು ಇದಕ್ಕೂ ಮುಂಚೆಯೇ ತೆಗೆದಿಡಿ.

5. ಕಾರಿನ ಬರಿ ಲೋಹ ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಳ್ಳಿ. ಪಂಪ್ ಜೋಡಣೆಯನ್ನು ಹಿಡಿದಿರುವ ಲಾಕ್ ರಿಂಗ್ ಬಿಚ್ಚಲು ಅದರ ಟೂಲ್, ಇಲ್ಲವೇ ಹಿತ್ತಾಳೆ ಉಳಿ. ಉಕ್ಕಿನ ಉಳಿಗೆ ಸುತ್ತಿಗೆ ಹೊಡೆಯಬೇಡಿ.

6. ನಿಧಾನವಾಗಿ ಮೇಲೆತ್ತಿ, ಓರೆ ಮಾಡಿ, ಫ್ಲೋಟ್ ಕಂಬಿ ಬಾಗದಂತೆ ಹೊರತೆಗೆಯಿರಿ. ಪಂಪಿನ ಬಟ್ಟಲಿನಲ್ಲಿ ಪೆಟ್ರೋಲ್ ನಿಂತಿರುತ್ತದೆ. ತೂತನ್ನು ತಕ್ಷಣ ಮುಚ್ಚಿ.

ಹೊರತೆಗೆದ ಮೇಲೆ

ಟ್ಯಾಂಕಿನಿಂದ ದೂರ ಒಯ್ದು, ಪೂರ್ತಿ ಒಣಗಿಸಿ, ಮಲ್ಟಿಮೀಟರನ್ನು ಓಮ್‌ನಲ್ಲಿಟ್ಟು ಸಂಕೇತ ಮತ್ತು ಅರ್ತ್ ಪಿನ್ನಿಗೆ ತಾಗಿಸಿ. ಕಂಬಿಯನ್ನು ಕೆಳಗಿಂದ ಮೇಲಕ್ಕೆ ಬಹಳ ನಿಧಾನವಾಗಿ ಎತ್ತಿ. ಓಮ್ ಒಂದೇ ದಿಕ್ಕಿಗೆ ಬದಲಾಗುತ್ತಾ ಹೋಗಬೇಕು. ನಡುವೆ ‘ಓಪನ್’ (ಸಂಪರ್ಕ ಕಡಿದಿದೆ) ತೋರಿಸಿದರೆ, ಹಿಂದೆ ಮುಂದೆ ಹಾರಿದರೆ ಪಟ್ಟಿ ಅಲ್ಲಿ ಸತ್ತಿದೆ. ಕ್ಷಣಮಾತ್ರದ ಕಡಿತವನ್ನು ಡಿಜಿಟಲ್ ಮೀಟರ್ ನುಂಗಿಬಿಡುತ್ತದೆ. ಹಳೇ ಮುಳ್ಳಿನ ಮಲ್ಟಿಮೀಟರ್ ಇದ್ದರೆ ಈ ಒಂದು ಕೆಲಸಕ್ಕೆ ಅದೇ ಮೇಲು. ಎರಡು ತುದಿಯ ಓಮ್ ಮ್ಯಾನುಯಲ್‌ಗೆ ಹೊಂದುತ್ತದೆಯಾ ನೋಡಿ. ಫ್ಲೋಟನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ದ್ರವದ ಸದ್ದು ಬಂದರೆ ಫ್ಲೋಟ್ ಬದಲಿಸಿ, ಬೆಸುಗೆ ಹಾಕಲು ಹೋಗಬೇಡಿ. ಪೆಟ್ರೋಲ್ ತುಂಬಿದ ಹಿತ್ತಾಳೆ ಡಬ್ಬಿಗೆ ಬಿಸಿ ತಾಗಿಸುವುದು ಹುಡುಗಾಟವಲ್ಲ.

ಪಟ್ಟಿ ಬರೀ ಕಪ್ಪಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಅಥವಾ ಕಾಂಟ್ಯಾಕ್ಟ್ ಕ್ಲೀನರ್‌ನಲ್ಲಿ ಅದ್ದಿದ ಹತ್ತಿಯಿಂದ ಮೆತ್ತಗೆ ಒರೆಸಿ. ಸ್ಯಾಂಡ್ ಪೇಪರ್ ಮುಟ್ಟಿಸಿದರೆ ಆ ತೆಳು ಪದರವೇ ಹೋಗುತ್ತದೆ. ಬೆರಳುಗಳು ಸಡಿಲವಾಗಿದ್ದರೆ ಕೂದಲೆಳೆಯಷ್ಟು ಒಳಕ್ಕೆ ಬಾಗಿಸಬಹುದು. ಸವೆದ ಗೀರಿನ ಪಕ್ಕದ ಹೊಸ ಜಾಗದಲ್ಲಿ ಜಾರುವಂತೆ ಸ್ವಲ್ಪ ಅಡ್ಡಕ್ಕೂ ಸರಿಸಬಹುದು. ಇದು ಒಂದಿಷ್ಟು ಕಾಲ ನಡೆಯುವ ಉಪಾಯ. ಟ್ಯಾಂಕ್ ಮತ್ತೆ ತೆರೆಯುವ ಶ್ರಮ ನೆನೆದರೆ ಹೊಸ ಸೆಂಡರ್ ಹಾಕುವುದೇ ವಾಸಿ. ಹಲವು ಜೋಡಣೆಗಳಲ್ಲಿ ಸೆಂಡರ್ ಮಾತ್ರ ಬಿಡಿಯಾಗಿ ಸಿಗುತ್ತದೆ. ಪಂಪ್ ಚೆನ್ನಾಗಿದ್ದರೆ ಅದನ್ನು ಬದಲಿಸುವ ಅಗತ್ಯವಿಲ್ಲ.

ಕಂಬಿ ಬಾಗಿಸಿ ಸರಿಪಡಿಸುವುದು ಒಂದೇ ಸಂದರ್ಭದಲ್ಲಿ ಸರಿ: ಓಮ್ ನುಣುಪಾಗಿ ಬದಲಾಗುತ್ತಿದೆ, ಆದರೆ ಎಲ್ಲ ಮಟ್ಟದಲ್ಲೂ ತಪ್ಪು ಒಂದೇ ಅಳತೆ. ಎರಡು ಇಕ್ಕಳದಿಂದ ಹಿಡಿದು, ಬುಡಕ್ಕೆ ಬಲ ಬೀಳದಂತೆ, ಸ್ವಲ್ಪವೇ ಬಾಗಿಸಿ. ಖಾಲಿ ಕಡೆಯನ್ನು ಸರಿ ಮಾಡಿ. ತುಂಬಿದ ಕಡೆ ಸ್ವಲ್ಪ ತಪ್ಪಿದರೆ ಯಾರೂ ರಸ್ತೆಯಲ್ಲಿ ನಿಲ್ಲುವುದಿಲ್ಲ.

ಎರಡು ಗುಂಡಿಯ ಟ್ಯಾಂಕ್

ಹಿಂದಿನ ಚಕ್ರಕ್ಕೆ ಶಾಫ್ಟ್ ಹೋಗುವ ಹಲವು ಕಾರುಗಳಲ್ಲಿ ಟ್ಯಾಂಕ್ ಶಾಫ್ಟಿನ ಎರಡೂ ಬದಿಗೆ ಇಳಿಬಿದ್ದಿರುತ್ತದೆ. ಎರಡು ಗುಂಡಿ, ಎರಡು ಸೆಂಡರ್, ಪಂಪ್ ಮಾತ್ರ ಒಂದೇ ಕಡೆ. ಆ ಕಡೆಯಿಂದ ಈ ಕಡೆಗೆ ಇಂಧನ ಎಳೆಯಲು ಜೆಟ್ ಪಂಪ್ ಇರುತ್ತದೆ. ಅದು ಕಟ್ಟಿಕೊಂಡರೆ ಒಂದು ಗುಂಡಿ ತುಂಬಿದ್ದು, ಇನ್ನೊಂದು ಬತ್ತಿ, ಗೇಜ್ ಸುಮಾರಾಗಿ ತೋರಿಸುತ್ತಿರುವಾಗಲೇ ಎಂಜಿನ್ ನಿಲ್ಲುತ್ತದೆ. ಗೇಜ್ ಅಲ್ಲಿ ಹೇಳುತ್ತಿರುವುದು ನಿಜ, ಇಂಧನ ಇದೆ, ಪಂಪಿಗೆ ಸಿಗುತ್ತಿಲ್ಲ ಅಷ್ಟೆ. ಸ್ಕ್ಯಾನರಿನಲ್ಲಿ ಎರಡೂ ಬದಿಯ ಅಳತೆ ಬೇರೆ ಬೇರೆ ಕಂಡರೆ ತಕ್ಷಣ ಗೊತ್ತಾಗುತ್ತದೆ. ಎರಡನೇ ಸೆಂಡರಿನ ದೋಷಕ್ಕೆ ಪಿ2065ರಿಂದ ಶುರುವಾಗುವ ಕೋಡ್‌ಗಳಿವೆ.

ಮತ್ತೆ ಜೋಡಿಸುವಾಗ

ಹಳೆಯ ರಬ್ಬರ್ ಸೀಲ್ ಎಸೆದು ಹೊಸದನ್ನು ಹಾಕಿ. ಪೆಟ್ರೋಲ್ ಕುಡಿದ ಸೀಲ್ ಊದಿಕೊಂಡು ತೋಡಿನಲ್ಲಿ ಮತ್ತೆ ಕೂರುವುದಿಲ್ಲ. ಮಾರ್ಕರ್ ಗೆರೆಗೆ ಸರಿಯಾಗಿ ಜೋಡಣೆ ಇಳಿಸಿ. ಸ್ವಲ್ಪ ತಿರುಗಿದರೂ ಫ್ಲೋಟ್ ಟ್ಯಾಂಕಿನ ಗೋಡೆಗೆ ಸಿಕ್ಕಿಕೊಳ್ಳುತ್ತದೆ. ಪೈಪುಗಳು ‘ಟಕ್’ ಎಂದು ಕೂತ ಮೇಲೆ ಎಳೆದು ನೋಡಿ. ಫ್ಯೂಸ್, ಬ್ಯಾಟರಿ ಸೇರಿಸಿ, ಕೀಯನ್ನು ಎರಡು ಮೂರು ಸಲ ಆನ್ ಆಫ್ ಮಾಡಿ ಪೈಪಿನಲ್ಲಿ ಒತ್ತಡ ಏರಲು ಬಿಡಿ. ಎಲ್ಲೂ ಹನಿ, ವಾಸನೆ ಇಲ್ಲವೆಂದಾದ ಮೇಲೆ ಎಂಜಿನ್ ಚಾಲೂ ಮಾಡಿ, ಸ್ಕ್ಯಾನರಿನಿಂದ ಕೋಡ್ ಅಳಿಸಿ.

ಸೀಟನ್ನು ಮಾತ್ರ ಆಗಲೇ ಬೋಲ್ಟ್ ಹಾಕಿ ಬಿಗಿಯಬೇಡಿ. ಮೊದಲು ಟ್ಯಾಂಕ್ ತುಂಬಿಸಿ ಬಂದು ಮುಚ್ಚಳದ ಸುತ್ತ ಇನ್ನೊಮ್ಮೆ ಕೈಯಾಡಿಸಿ ನೋಡಿ. ಕಾಲು ಟ್ಯಾಂಕಿನಲ್ಲಿ ಸೋರದ ಸೀಲ್ ತುಂಬಿದ ಟ್ಯಾಂಕಿನಲ್ಲಿ ಸೋರುವುದುಂಟು. ಮುಂದೆ ಮುಳ್ಳು ಅರ್ಧಕ್ಕೆ, ಕಾಲಿಗೆ ಇಳಿದಾಗ ಹಿಂದಿನಂತೆಯೇ ತುಂಬಿಸಿ ಲೀಟರ್ ಬರೆದುಕೊಂಡು ಹಳೆಯ ಲೆಕ್ಕಕ್ಕೆ ಹೋಲಿಸಿ. ರಿಸರ್ವ್ ದೀಪ ಹತ್ತಿದಾಗ ಎಷ್ಟು ಲೀಟರ್ ಉಳಿದಿರುತ್ತದೆ ಎಂಬುದೂ ಅದೇ ಲೆಕ್ಕದಲ್ಲಿ ಸಿಗುತ್ತದೆ.